ಕೆರೆಯಂಗಳದ ವಯೊಲೆಟ್

ಕಹರ್‌ಡೂನ್, ಗಾಲ್ವೇ
ಫೆಬ್ರವರಿ 10, 1974

ಪ್ರಿಯ ನೋನಿ,

ಈ ಕಾಗದದ ಮೂಲೆ ಒದ್ದೆಯಾಗಿದ್ದರೆ ಗಾಬರಿಯಾಗಬೇಡ. ನಾನು ಅತ್ತುಕೊಂಡು ಬರೆಯುತ್ತಿಲ್ಲ. ಅದು ಕೆರೆಯ ನೀರು, ಅಡುಗೆಮನೆಯ ಮೇಜಿನ ಕಾಲಿನವರೆಗೂ ಬಂದಿದೆ. ಕೋಳಿಗಳನ್ನು ಅಟ್ಟಕ್ಕೆ ಹತ್ತಿಸಿದ್ದೇವೆ. ಪಾಕಿ ಮಂಡಿಯುದ್ದದ ಬೂಟು ಹಾಕಿಕೊಂಡೇ ತಿಂಡಿಗೆ ಕೂರುತ್ತಾನೆ. ಮನೆಯಳಿಯನಾಗಿ ಬಂದವನು ಮೀನುಗಾರನಾಗಿಬಿಟ್ಟೆ ಅಂತ ದಿನಾ ಅದೇ ಜೋಕು. ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ, ನಗು ಬರುವುದು ನಿಂತು ಹೋಗಿದೆ.

ಈ ಸಲ ನವೆಂಬರಿನಲ್ಲೇ ಕೆರೆ ನೆಲದೊಳಗಿನಿಂದ ಎದ್ದು ಬಂತು. ಕೆರೆಯಂಗಳದ ನುಂಗುಗುಂಡಿಗಳು ನುಂಗುವುದನ್ನು ಬಿಟ್ಟು ಕಕ್ಕುವುದಕ್ಕೆ ಶುರುಮಾಡಿದವು. ನೀನು ಇಲ್ಲಿದ್ದ ಆ ಒಂದೇ ಚಳಿಗಾಲದಲ್ಲಿ ನೀರು ಹಟ್ಟಿಯ ಗೋಡೆ ಮುಟ್ಟಿದ್ದಕ್ಕೇ "ನಾನು ಮದುವೆಯಾಗಿ ಬಂದಿದ್ದು ಊರಿಗಾ, ಹಡಗಿಗಾ" ಅಂದಿದ್ದೆಯಲ್ಲ. ಈಗ ಬಂದು ನೋಡು. ಏಪ್ರಿಲ್ ಕಳೆದ ಮೇಲೆ ಎಲ್ಲ ಇಳಿದು ಹುಲ್ಲು ಬರುತ್ತದೆ, ಬೇಸಿಗೆಯಲ್ಲಿ ನೋಡಿದವರು ಇಲ್ಲೊಂದು ಕೆರೆ ಇತ್ತೆಂದರೆ ನಂಬುವುದಿಲ್ಲ. ಆದರೆ ಅಲ್ಲಿಯ ತನಕ ನನ್ನ ಸೊಂಟ ನನ್ನದಲ್ಲ.

ಅದಕ್ಕೇ ಈ ಪತ್ರ. ಬಾರ್ಟ್ಲಿ ಕೀಲಿ ಗೊತ್ತಲ್ಲ, ಗೋಡೆಯಾಚೆಯ ಬಾರ್ಟ್ಲಿ, ಅವನು ಊರವರನ್ನೆಲ್ಲ ಸೇರಿಸಿ ಒಬ್ಬ ಎಂಜಿನಿಯರನ್ನು ಕರೆಸಿದ್ದಾನೆ. ಬಂಡೆ ಕೊರೆದು ಕಾಲುವೆ ತೋಡಿ ನೀರನ್ನು ಸಮುದ್ರಕ್ಕೆ ಬಿಡುತ್ತಾರಂತೆ. ಸರ್ಕಾರವೇ ಹಣ ಹಾಕುತ್ತದಂತೆ. ಉಳಿದವರಿಗೆಲ್ಲ ಒಂದಷ್ಟು ಹುಲ್ಲು ಜಾಸ್ತಿ ಸಿಗುತ್ತದೆ, ಅಷ್ಟೆ. ಊರಿಗೆಲ್ಲ ತಗ್ಗಿನ ಮನೆ ನಮ್ಮದು, ನೀರು ನುಗ್ಗುವುದು ನಮ್ಮೊಬ್ಬರಿಗೇ. ಕೆರೆಯಂಗಳದಲ್ಲಿ ದನ ಮೇಯಿಸುವ ಪಾಲು ಯಾರುಯಾರಿಗಿದೆಯೋ ಅವರೆಲ್ಲ ಸಹಿ ಹಾಕಬೇಕು. ಮನೆಯನ್ನು ನನಗೆ ಬಿಟ್ಟು ಇಂಗ್ಲೆಂಡಿಗೆ ಹೋದರೂ ಕೋಲ್ಮನ್ ಅಣ್ಣ ಆ ಪಾಲನ್ನು ಮಾತ್ರ ತನ್ನ ಹೆಸರಿನಲ್ಲೇ ಇಟ್ಟುಕೊಂಡಿದ್ದ. ಅವನು ತೀರಿಕೊಂಡ ಮೇಲೆ ಅದು ನಿನ್ನದು. "ಡೆಲಿಯಾ, ನಿಮ್ಮತ್ತಿಗೆ ಒಬ್ರು ಸಹಿ ಹಾಕಿಬಿಟ್ರೆ ಮುಂದಿನ ಕ್ರಿಸ್‌ಮಸ್‌ಗೆ ನಿನ್ ಅಡುಗೆಮನೇಲಿ ಕುಣೀಬಹುದು" ಅಂದ ಬಾರ್ಟ್ಲಿ. ಕಾಗದ ಇದರೊಳಗೆ ಇಟ್ಟಿದ್ದೇನೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಹಾಕಿ ಕಳಿಸು.

ಅಣ್ಣ ಇಲ್ಲದ ಮನೆಯಲ್ಲಿ ಹೇಗಿದ್ದೀಯ? ಊಟ ಸರಿಯಾಗಿ ಮಾಡು.

ಡೆಲಿಯಾ


ಕೊವೆಂಟ್ರಿ
ಮಾರ್ಚ್ 3, 1974

ಪ್ರಿಯ ಡೆಲಿಯಾ,

ನಿನ್ನ ಕಾಗದ ಓದಿ ಬಹಳ ದಿನದ ಮೇಲೆ ನಕ್ಕೆ. ಕೋಳಿಗಳು ಅಟ್ಟದಿಂದ ಇಳಿದವೇ? ನಾನು ಚೆನ್ನಾಗಿದ್ದೇನೆ. ಶಾಲೆಯ ಅಡುಗೆಮನೆಯ ಕೆಲಸ ಇನ್ನೂ ಇದೆ. ಊಟ ಮಾಡುತ್ತೇನೆ, ಆದರೆ ಇಬ್ಬರಿಗಾಗುವಷ್ಟು ಬೇಯಿಸುವುದನ್ನು ಕೈ ಇನ್ನೂ ಬಿಟ್ಟಿಲ್ಲ. ಮಿಕ್ಕಿದ್ದನ್ನು ಪಕ್ಕದ ಮನೆಯ ಮಿಸೆಸ್ ಪಾರ್ಗೆಟರ್‌ಗೆ ಕೊಡುತ್ತೇನೆ. ಅವರು ಟೀಚರಾಗಿದ್ದವರು, ನನಗಿಂತ ಒಂಟಿ.

ಕೋಲ್ಮನ್ ಇದ್ದಿದ್ದರೆ ಈ ಸುದ್ದಿಗೆ ಏನನ್ನುತ್ತಿದ್ದನೋ. ಅವನದೊಂದು ವಿಚಿತ್ರ ಅಭ್ಯಾಸವಿತ್ತು. ಐರ್ಲೆಂಡಿನ ಪಶ್ಚಿಮದಲ್ಲಿ ಜೋರು ಮಳೆ ಎಂದು ರೇಡಿಯೋದಲ್ಲಿ ಬಂದ ದಿನ ಬಹಳ ನೆಮ್ಮದಿಯಿಂದ ಇರುತ್ತಿದ್ದ. ಒಣ ಚಳಿಗಾಲ ಬಂದರೆ ಸಿಡಿಮಿಡಿ. ಆ ಕೆಸರಿನಿಂದ ತಪ್ಪಿಸಿಕೊಂಡು ಬಂದೆನಲ್ಲ ಎಂದು ಒಳಗೊಳಗೇ ಖುಷಿಪಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ತಂಗಿಯ ಮನೆಗೆ ನೀರು ನುಗ್ಗುತ್ತದೆ, ನಿನಗೆ ನಗುವೇ ಎಂದು ಬೈದೂ ಇದ್ದೇನೆ.

ಸಹಿ ಹಾಕುತ್ತೇನೆ. ನಿನ್ನ ಮನೆ ಒಣಗಿದರೆ ನನಗಿಂತ ಸಂತೋಷಪಡುವವರು ಯಾರಿದ್ದಾರೆ? ಆದರೆ ಅದಕ್ಕೆ ಮುಂಚೆ ಒಂದು ಮಾತು ಕೇಳಬೇಕು. ಇಪ್ಪತ್ತೆಂಟು ವರ್ಷದಿಂದ ಕೇಳದೆ ಇದ್ದದ್ದು. ಕೋಲ್ಮನ್‌ನನ್ನು ಕೇಳಿದಾಗೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಮಗು ಎಲ್ಲಿದೆ, ಡೆಲಿಯಾ?

ಸತ್ತು ಹುಟ್ಟಿದ ಮಗುವಿಗೆ ಜ್ಞಾನಸ್ನಾನ ಇಲ್ಲ, ಜ್ಞಾನಸ್ನಾನ ಇಲ್ಲದ ಮೇಲೆ ಚರ್ಚಿನ ಮಣ್ಣೂ ಇಲ್ಲ, ಅದು ನನಗೆ ಗೊತ್ತು. ನಮ್ಮೂರಿನಲ್ಲಿ ಅಂಥ ಮಕ್ಕಳನ್ನು ಸಮುದ್ರದ ದಡದ ಕಲ್ಲುಗಳ ನಡುವೆ ಇಡುತ್ತಿದ್ದರು. ಗಂಡಸರು ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಿದ್ದರು, ಹೆಂಗಸರು ಕೇಳುವ ಹಾಗಿರಲಿಲ್ಲ. ನಾನೂ ಕೇಳಲಿಲ್ಲ. ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಬಂದವರೆಲ್ಲ ಚಹಾ ಕುಡಿದು ಹುಲ್ಲಿನ ಫಸಲಿನ ಬಗ್ಗೆ ಮಾತಾಡಿ ಹೋದರು. ನೀನು ನನ್ನ ತಲೆ ಬಾಚಿದ್ದೆ, ನೆನಪಿದೆಯೇ?

ಕಾಲುವೆ ತೋಡುವ ಯಂತ್ರ ಅವಳ ಮೇಲೆ ಹೋಗುತ್ತದೆಯೇ, ಅದೊಂದನ್ನು ಹೇಳು. ಮತ್ತೇನೂ ಕೇಳುವುದಿಲ್ಲ.

ನೋನಿ


ಕಹರ್‌ಡೂನ್
ಮಾರ್ಚ್ 19, 1974

ಪ್ರಿಯ ನೋನಿ,

ಅದನ್ನೆಲ್ಲ ಈಗ ಯಾಕೆ ಕೆದಕುತ್ತೀಯ? ಇರಲಿ, ಕೇಳಿದ್ದೀಯ, ಹೇಳುತ್ತೇನೆ. ಯಂತ್ರ ಅವಳ ಹತ್ತಿರ ಸುಳಿಯುವುದಿಲ್ಲ, ಆಣೆಯಿಟ್ಟು ಹೇಳುತ್ತೇನೆ. ಕಾಲುವೆ ಹೋಗುವುದು ಪಶ್ಚಿಮದ ಕಡೆಯಿಂದ.

ಅವಳಿರುವುದು ಕೀಲಿಯವರ ಗೋಡೆಯ ಮೇಲ್ಗಡೆ, ಬಿಳಿ ಹೂ ಬಿಡುವ ಆ ಮುಳ್ಳುಮರದ ಬುಡದಲ್ಲಿ. ಎತ್ತರದ ಜಾಗ, ಒಣ ಜಾಗ. ಬೇಸಿಗೆ ಬಂದರೆ ವಯೊಲೆಟ್ ಹೂ ಬಿಡುತ್ತದೆ. ಅಣ್ಣನೇ ಹುಡುಕಿ ಆರಿಸಿದ ಜಾಗ. ಇನ್ನು ಅದರ ಯೋಚನೆ ಬಿಟ್ಟು ಸಹಿ ಹಾಕು.

ನೀರು ಇಳಿಯುತ್ತಿದೆ. ಕೋಳಿಗಳು ಅಂಗಳಕ್ಕೆ ಬಂದವು. ಒಂದು ಸತ್ತಿತು, ಅದನ್ನು ಸಾರು ಮಾಡಿದೆ.

ಡೆಲಿಯಾ


ಕೊವೆಂಟ್ರಿ
ಏಪ್ರಿಲ್ 15, 1974

ಪ್ರಿಯ ಡೆಲಿಯಾ,

ನಿನ್ನೆ ಈಸ್ಟರ್. ಪೂಜೆಗೆ ಹೋಗುವಾಗ ನಿನ್ನ ಕಾಗದವನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಇಷ್ಟು ವರ್ಷ ಅವಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಕೂತಾಗ, ಆಲೂಗಡ್ಡೆ ಸುಲಿಯುವಾಗ ಸುಮ್ಮನೆ ಕಣ್ಣು ಎಲ್ಲೆಲ್ಲೋ ಹುಡುಕುತ್ತಿತ್ತು. ಈಗ ಒಂದು ಮರ ಇದೆ, ಒಂದು ಗೋಡೆ ಇದೆ, ಕೂತು ನೋಡುವುದಕ್ಕೆ ಒಂದು ಜಾಗ ಇದೆ. ಒಣ ಜಾಗ ಎಂದು ಬರೆದಿದ್ದೀಯಲ್ಲ, ಆ ಪದದ ಮೇಲೆ ಎಷ್ಟು ಸಲ ಬೆರಳಾಡಿಸಿದ್ದೇನೋ. ನಿನ್ನ ಋಣ ಹೇಗೆ ತೀರಿಸಲಿ.

ಇನ್ನೊಂದು ಆಸೆ. ಮೇ ತಿಂಗಳಿನಲ್ಲಿ ಮಾತೆ ಮರಿಯಳಿಗೆ ಮನೆಯಲ್ಲಿ ಹೂವಿನ ಪೀಠ ಮಾಡಿದ್ದೆವಲ್ಲ, ಇಲ್ಲೂ ನಾನು ಕಪಾಟಿನ ಮೇಲೆ ಮಾಡುತ್ತೇನೆ. ಅಂಗಡಿಯ ಹೂ ಇಟ್ಟು ಇಟ್ಟು ಬೇಸರವಾಗಿದೆ. ವಯೊಲೆಟ್ ಬಿಟ್ಟಾಗ ಅವಳ ಹತ್ತಿರದ್ದು ನಾಲ್ಕೈದು ಕಿತ್ತು ಕಾಗದದಲ್ಲಿ ಒತ್ತಿ ಕಳಿಸುತ್ತೀಯಾ? ಹೂ ಕೈಗೆ ಬಂದ ದಿನವೇ ಸಹಿ ಹಾಕುತ್ತೇನೆ. ಹಟ ಅಂದುಕೊಳ್ಳಬೇಡ.

ನೋನಿ


ಕಹರ್‌ಡೂನ್
ಜೂನ್ 9, 1974

ಪ್ರಿಯ ನೋನಿ,

ತಗೋ ನಿನ್ನ ಹೂ. ಮೇ ತಿಂಗಳ ಪೀಠಕ್ಕೆ ಸಿಗಲಿಲ್ಲ ಅಂತ ಬೈಯಬೇಡ, ಈ ವರ್ಷ ಬಿಟ್ಟಿದ್ದೇ ಈಗ. ಬೇಲಿಯ ಬುಡದಲ್ಲೇ ಬೇಕಾದಷ್ಟು ವಯೊಲೆಟ್ ಇತ್ತು, ಏಪ್ರಿಲ್‌ನಲ್ಲೇ ಕಿತ್ತು ಕಳಿಸಿಬಿಡಬಹುದಿತ್ತು. ಕೈ ಬರಲಿಲ್ಲ. ಇದು ಆ ಜಾಗದ್ದೇ, ನಾನೇ ನಡೆದು ಹೋಗಿ ಬಗ್ಗಿ ಕಿತ್ತದ್ದು. ಬೇರೆ ಏನನ್ನು ನಂಬದಿದ್ದರೂ ಇದೊಂದನ್ನು ನಂಬು.

ಬೂಟು ಹಾಕಿಕೊಂಡು ಹೊರಟಿದ್ದನ್ನು ಪಾಕಿ ನೋಡಿದ. "ಏನೇ, ಈ ವಯಸ್ಸಲ್ಲಿ ಹೂ ಕೀಳಕ್ಕೆ ಹೊರಟ್ಯಲ್ಲ, ಯಾರಿಗೇ ಅದು?" ಅಂದ. "ನಿನಗಂತೂ ಅಲ್ಲ, ಸುಮ್ನಿರು" ಅಂದೆ. "ಬಾರ್ಟ್ಲಿಗಾದ್ರೆ ಸ್ವಲ್ಪ ಜಾಸ್ತಿ ಕೀಳು, ಅವನ ಮುಖಕ್ಕೆ ಅಷ್ಟು ಸಾಲಲ್ಲ" ಅಂದ. ಆ ಮನುಷ್ಯನಿಗೆ ನಾನು ಯಾವುದನ್ನೂ ಹೇಳಿಲ್ಲ, ನೋನಿ. ಅವನು ಈ ಮನೆಗೆ ಬರುವ ಮುಂಚಿನ ಮಾತು ಇದು.

ಶಾಲೆಯಲ್ಲಿ ಮೊನ್ನೆ ಸಭೆ ಸೇರಿತ್ತು. ಎಂಜಿನಿಯರ್ ನಕ್ಷೆ ಹರವಿ ತೋರಿಸಿದ. ಎಲ್ಲರೂ ತಿರುಗಿ ನನ್ನ ಮುಖವನ್ನೇ ನೋಡಿದರು. "ಇಂಗ್ಲೆಂಡಿನವರದ್ದು ಏನಾಯ್ತಮ್ಮಾ?" ಅಂತ ಒಬ್ಬ, "ರಾಣಿಯಮ್ಮನ್ನ ಕೇಳ್ಕೊಂಡು ಹಾಕ್ತಾರಂತಾ?" ಅಂತ ಇನ್ನೊಬ್ಬ. ನಾನು ನಿನ್ನ ಪರವಾಗಿ ಚೆನ್ನಾಗಿ ಕೊಟ್ಟೆ. ಆದರೆ ಎಷ್ಟು ದಿನ ಕೊಡಲಿ? ಈಗ ಹೂ ಬಂತಲ್ಲ. ಸಹಿ ಹಾಕು.

ಡೆಲಿಯಾ


ಕೊವೆಂಟ್ರಿ
ಜೂನ್ 30, 1974

ಡೆಲಿಯಾ,

ಹೂ ಬಂತು. ಕಾಗದ ಬಿಡಿಸಿದಾಗ ನೀಲಿ ಇಳಿದು ಹಾಲಿನ ಬಣ್ಣಕ್ಕೆ ಬಂದಿತ್ತು. ಎಲೆ ಮಾತ್ರ ಹಸಿರಾಗೇ ಇತ್ತು. ಒಂದು ಗಾಜಿನ ಕೆಳಗೆ ಇಟ್ಟು, ಮಿಸೆಸ್ ಪಾರ್ಗೆಟರ್‌ಗೆ ತೋರಿಸಿದೆ. ಹೂವುಗಳನ್ನು ಒಣಗಿಸಿ ಅಂಟಿಸಿಡುವುದು ಅವರ ಹವ್ಯಾಸ. ಅವರಿಗೆ ಸಂತೋಷವಾಗಲಿ ಎಂದು ತೋರಿಸಿದ್ದು.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಎಲ್ಲಿ ಸಿಕ್ತು ನೋನಿ ನಿಮಗೆ?" ಎಂದರು. ನನ್ನ ಗಂಡನ ಊರಿನ ಒಂದು ಮುಳ್ಳುಮರದ ಬುಡದಲ್ಲಿ ಎಂದೆ. "ಸಾಧ್ಯವೇ ಇಲ್ಲ" ಎಂದರು. "ಮರದ ಬುಡದ ವಯೊಲೆಟ್ ಎಲೆ ಹೃದಯದ ಆಕಾರಕ್ಕೆ ಇರುತ್ತೆ, ಏಪ್ರಿಲ್‌ಗೆ ಬಿಟ್ಟು ಮುಗಿದೂ ಹೋಗುತ್ತೆ. ಇದರ ಎಲೆ ನೋಡಿ, ಎಷ್ಟು ಉದ್ದ, ಎಷ್ಟು ಕಿರಿದು. ಇದು ಬೇರೆಯದೇ ಜಾತಿ. ಚಳಿಗಾಲವೆಲ್ಲ ನೀರು ನಿಂತು ಬೇಸಿಗೆಗೆ ಇಳಿಯುತ್ತಲ್ಲ, ಅಂಥ ಕಡೆ ಬಿಟ್ರೆ ಇನ್ನೆಲ್ಲೂ ಬದುಕಲ್ಲ. ನಮ್ಮ ದೇಶದಲ್ಲಿ ಜೌಗನ್ನೆಲ್ಲ ಬಸಿದು ಬಸಿದು ಇದನ್ನ ಹೆಚ್ಚುಕಡಿಮೆ ಕಳ್ಕೊಂಡಿದ್ದೀವಿ. ನಾನು ಇವತ್ತೇ ಕಣ್ಣಾರೆ ನೋಡ್ತಾ ಇರೋದು." ಅವರು ಸಂತೋಷದಲ್ಲಿ ಮಾತಾಡುತ್ತಲೇ ಇದ್ದರು. ನಾನು ನಿನ್ನ ಮಾರ್ಚಿನ ಕಾಗದವನ್ನು ಹುಡುಕಿ ತೆಗೆದೆ.

ಒಂದೋ ನೀನು ಹೂವನ್ನು ಬೇರೆ ಎಲ್ಲಿಂದಲೋ ಕಿತ್ತಿದ್ದೀಯ, ಇಲ್ಲವೋ ಜಾಗದ ಬಗ್ಗೆ ಸುಳ್ಳು ಹೇಳಿದ್ದೀಯ. ಹೂವನ್ನು ನಂಬು ಎಂದು ಬರೆದಿದ್ದೀಯ. ನಂಬಿದ್ದೇನೆ.

ಅವಳು ಕೆರೆಯೊಳಗೆ ಇದ್ದಾಳೆಯೇ? ನಿಮ್ಮೂರಿನಲ್ಲಿ ಬೇಡದ ಬೆಕ್ಕಿನ ಮರಿಗಳನ್ನು ಚೀಲದಲ್ಲಿ ಕಟ್ಟಿ ಎಲ್ಲಿಗೆ ಹಾಕುತ್ತಿದ್ದರೆಂದು ನನಗೆ ಗೊತ್ತು. ಆ ಒಂದು ಚಳಿಗಾಲದಲ್ಲಿ ನೋಡಿದ್ದೇನೆ.

ಒಣ ಜಾಗ ಎಂದು ನನಗೆ ಹೇಗೆ ಬರೆದೆ?

ನೋನಿ


ಕೊವೆಂಟ್ರಿ
ಸೆಪ್ಟೆಂಬರ್ 8, 1974

ಡೆಲಿಯಾ,

ನಿನ್ನಿಂದ ಉತ್ತರವಿಲ್ಲ. ಬಾರ್ಟ್ಲಿ ಕೀಲಿ ಮಾತ್ರ ಬರೆದಿದ್ದಾನೆ, ಬಹಳ ವಿನಯವಾಗಿ. ಚಳಿಗಾಲಕ್ಕೆ ಮುಂಚೆ ಕೆಲಸ ಶುರುಮಾಡಬೇಕಂತೆ. ನಿನ್ನ ಮನೆಯ ಗೋಡೆ ಬಿರುಕು ಬಿಟ್ಟಿದೆಯೆಂದು ಅವನ ಕಾಗದದಿಂದ ತಿಳಿಯಿತು. ನೀನು ಹೇಳಿರಲಿಲ್ಲ.

ಸಹಿ ಹಾಕದ ಕಾಗದ ಇಲ್ಲೇ ಹೂವಿನ ಗಾಜಿನ ಪಕ್ಕದಲ್ಲಿದೆ. ಹಾಕದೆ ಇಟ್ಟುಕೊಂಡಿರುವುದು ನಿನ್ನನ್ನು ಶಿಕ್ಷಿಸುವುದಕ್ಕಲ್ಲ. ಏನಾಯಿತು ಎಂದು ತಿಳಿಯದೆ ನನ್ನ ಮಗುವಿನ ಮೇಲಿನ ನೀರನ್ನು ತೆಗೆಯಲೂ ಆರೆ, ಬಿಡಲೂ ಆರೆ. ಬೈಗುಳವಾದರೂ ಸರಿ, ಬರೆ.

ನೋನಿ


ಕಹರ್‌ಡೂನ್
ಅಕ್ಟೋಬರ್ 13, 1974

ಪ್ರಿಯ ನೋನಿ,

ಮೊದಲು ಹುಲ್ಲು ಕೊಯ್ಲು ಅಂತ ನೆವ ಹೇಳಿಕೊಂಡೆ. ಆಮೇಲೆ ಸಿಟ್ಟು. ಬೆಕ್ಕಿನ ಮರಿ ಅಂತ ಬರೆದೆಯಲ್ಲ, ಆ ಸಾಲನ್ನು ಓದಿ ಕಾಗದವನ್ನು ಒಲೆಗೆ ಹಾಕಲು ಹೋಗಿದ್ದೆ. ಆಮೇಲೆ ಅನ್ನಿಸಿತು, ಯಾರೂ ಏನೂ ಹೇಳದೆ ಇದ್ದರೆ ನೀನು ಇನ್ನೇನು ಅಂದುಕೊಳ್ಳಬೇಕು. ಇವತ್ತು ಪಾಕಿ ಸಂತೆಗೆ ಹೋಗಿದ್ದಾನೆ. ಕೂತಿದ್ದೇನೆ, ಎಲ್ಲ ಬರೆದೇ ಏಳುತ್ತೇನೆ.

ಸಹಿಗೋಸ್ಕರ ಸುಳ್ಳು ಹೇಳಿದೆ ಅಂದುಕೊಂಡಿರುತ್ತೀಯ. ಅದು ಅರ್ಧ ನಿಜ. ಇನ್ನರ್ಧ, ಅಣ್ಣನಿಗೆ ಮಾತು ಕೊಟ್ಟಿದ್ದೆ.

ಆ ಜೂನ್‌ನಲ್ಲಿ ಕೆರೆ ಬೇಗ ಇಳಿದಿತ್ತು. ಅಣ್ಣ ಮೊದಲು ಫಾದರ್ ಹತ್ತಿರ ಹೋದ. ಆಗಿನ ಫಾದರ್ ಕೆಟ್ಟವರೇನಲ್ಲ, ಆದರೆ ಕಾನೂನು ಕಾನೂನೇ. ಉಸಿರೇ ಆಡದ ಮಗುವಿಗೆ ಜ್ಞಾನಸ್ನಾನದ ನೀರು ಹಾಕುವ ಹಾಗಿಲ್ಲ, ಆ ಮಗು ಸ್ವರ್ಗಕ್ಕೂ ಹೋಗಲ್ಲ, ನರಕಕ್ಕೂ ಹೋಗಲ್ಲ ಅಂದರಂತೆ. ಅಣ್ಣ ವಾಪಸು ಬಂದ. ಹಟ್ಟಿಯಲ್ಲಿ ಕೂತು ತಾನೇ ಪೆಟ್ಟಿಗೆ ಮಾಡಿದ. ಅಂಥ ಮಕ್ಕಳನ್ನು ನಮ್ಮೂರಲ್ಲಿ ಹಳೇ ಮಣ್ಣುಕೋಟೆಯ ದಿಬ್ಬದಲ್ಲಿ ಇಡುತ್ತಾರೆ, ಒಣ ಜಾಗ ಅಂದರೆ ಅದೇ. ಅಪ್ಪ ಅಲ್ಲಿಗೇ ಹೋಗು ಅಂದಿದ್ದರು. ಬೆಳಕು ಹರಿಯುವ ಹೊತ್ತಿಗೆ ಹಾಲು ಕರೆಯಲು ಎದ್ದವಳು ನೋಡಿದೆ, ಅಣ್ಣ ದಿಬ್ಬದ ಕಡೆಯಿಂದ ಬರುತ್ತಿಲ್ಲ, ಕೆರೆಯಂಗಳದಿಂದ ಹತ್ತಿ ಬರುತ್ತಿದ್ದಾನೆ. ಮಂಡಿಯೆಲ್ಲ ಕೆಸರು.

"ಎಲ್ಲಿ ಇಟ್ಟೆ ಅಣ್ಣಾ?" ಅಂದೆ. ನಡುವಿನಲ್ಲಿ, ನೀಲಿ ಹೂ ಬಿಟ್ಟಿರೋ ಕಡೆ ಅಂದ. "ಅಯ್ಯೋ, ನವೆಂಬರ್‌ಗೆ ಅಲ್ಲಿ ನೀರು ಬರುತ್ತಲ್ಲೋ" ಅಂದೆ.

ಅವನು ಹೇಳಿದ್ದನ್ನು ಹಾಗ್ಹಾಗೇ ಬರೆಯುತ್ತೇನೆ, ಒಂದಕ್ಷರ ಮರೆತಿಲ್ಲ. "ಬರ್ಲಿ ಅಂತಾನೇ ಇಟ್ಟೆ ಕಣೇ. ಫಾದರ್ ನೀರು ಹಾಕಲ್ಲ ಅಂದ್ರು. ಸರಿ, ಕೆರೆ ಹಾಕ್ಲಿ. ಅದೇನು ಯಾರನ್ನೂ ಕೇಳ್ಕೊಂಡು ಬರಲ್ಲ. ವರ್ಷಾ ವರ್ಷಾ ಬಂದು ಹಾಕುತ್ತೆ."

ನನಗೆ ಆಗ ಹದಿನಾರು. ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದುತ್ತಿದ್ದವಳು. ಇದು ಪಾಪ ಅಂದೆ, ಜ್ಞಾನಸ್ನಾನವನ್ನು ಆಟ ಮಾಡುತ್ತಿದ್ದೀಯ ಅಂದೆ. ಅವನು ಜಗಳಕ್ಕೆ ಬರಲಿಲ್ಲ. "ಪಾಪ ಆದ್ರೆ ನಂದು, ನೀನು ಯಾಕೆ ಹೊರ್ತೀಯ" ಅಂದ. ನಿನಗೆ ಹೇಳಬೇಡ ಅಂತ ಕೈ ಮೇಲೆ ಕೈ ಇಡಿಸಿಕೊಂಡ. ನೀನು ಅದರ ಹಿಂದಿನ ಚಳಿಗಾಲವೆಲ್ಲ ನಡುಗುತ್ತಿದ್ದೆಯಲ್ಲ, ಒಲೆ ಬಿಟ್ಟು ಏಳುತ್ತಿರಲಿಲ್ಲವಲ್ಲ. "ಅವಳಿಗೆ ನೀರು ಅಂದ್ರೆ ಚಳಿ ಒಂದೇ ಗೊತ್ತು. ಮಗು ಚಳೀಲಿದೆ ಅಂತ ರಾತ್ರಿಯೆಲ್ಲಾ ಎದ್ದು ಕೂರ್ತಾಳೆ" ಅಂದ. ಅದೇ ಶರತ್ಕಾಲದಲ್ಲಿ ನೀವಿಬ್ಬರೂ ಹಡಗು ಹತ್ತಿದಿರಿ.

ಅವನನ್ನು ನಾನು ಬಹಳ ವರ್ಷ ಕ್ಷಮಿಸಿರಲಿಲ್ಲ. ಈಗಲೂ ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನೀರು ಅಡುಗೆಮನೆಗೆ ಬಂದಾಗೆಲ್ಲ ಶಾಪ ಹಾಕುತ್ತೇನೆ, ಹಾಕಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಜೂನ್‌ನಲ್ಲಿ ನಿನಗೆ ಹೂ ಕೀಳಲು ಹೋದಾಗ ಬೇಲಿಯ ಹತ್ತಿರ ನಿಂತೆ. ಅಲ್ಲೇ ಹತ್ತಾರು ಎಲೆ ಇದ್ದವು, ಒಂದೆರಡು ತಡವಾದ ಹೂವೂ ಇತ್ತು. ಬಾಯಲ್ಲಿ ಸುಳ್ಳು ಹೇಳಿದ್ದೆ, ಕೈಯಿಂದಲೂ ಹೇಳಲು ಆಗಲಿಲ್ಲ.

ಕಾಲುವೆ ಬಂದರೆ ಯಂತ್ರ ಅವಳನ್ನು ಮುಟ್ಟುವುದಿಲ್ಲ, ಅದು ನಿಜವೇ. ಆದರೆ ಮೇಲೆ ನೀರು ಬರುವುದಿಲ್ಲ. ಇನ್ನು ನೀನುಂಟು, ಕಾಗದ ಉಂಟು. ನಾನು ಸಹಿ ಹಾಕು ಅಂತ ಇನ್ನೊಂದು ಸಲ ಬರೆಯುವುದಿಲ್ಲ. ಗೋಡೆಯ ಬಿರುಕು ಅಷ್ಟೇನೂ ದೊಡ್ಡದಲ್ಲ.

ಡೆಲಿಯಾ


ಕೊವೆಂಟ್ರಿ
ನವೆಂಬರ್ 3, 1974

ನನ್ನ ಪ್ರೀತಿಯ ಡೆಲಿಯಾ,

ಮೊದಲು ಬೆಕ್ಕಿನ ಮರಿಯ ಮಾತಿಗೆ ಕ್ಷಮಿಸು.

ನಿನ್ನ ಕಾಗದ ಬಂದ ಮೇಲೆ ಒಂದು ವಾರ ಕೋಲ್ಮನ್ ಮೇಲೆ ಕೋಪಿಸಿಕೊಂಡಿದ್ದೆ. ಸತ್ತವರ ಮೇಲೆ ಕೋಪ ಮಾಡಿಕೊಳ್ಳುವುದು ಎಷ್ಟು ಕಷ್ಟ, ಎದ್ದು ಹೊರಗೆ ಹೋಗುವುದೂ ಇಲ್ಲ ಅವರು. ಒಂದು ಮಾತು ಹೇಳಿದ್ದರೆ ನಾವಿಬ್ಬರೂ ಸೇರಿ ಆ ಮಳೆಯ ಸುದ್ದಿ ಕೇಳಬಹುದಿತ್ತು. ಅವನು ಒಬ್ಬನೇ ಕೇಳಿ, ಒಬ್ಬನೇ ನೆಮ್ಮದಿಪಟ್ಟು, ನನ್ನಿಂದ ಬೈಸಿಕೊಂಡು ಮಲಗಿದ. ಮಗು ಚಳಿಯಲ್ಲಿದೆ ಎಂದು ನಾನು ಎದ್ದು ಕೂರುತ್ತಿದ್ದೆನೇ? ಹೌದು, ಕೂರುತ್ತಿದ್ದೆ. ಅವನು ನನ್ನನ್ನು ಸರಿಯಾಗೇ ತಿಳಿದಿದ್ದ. ಆದರೆ ನಾನು ಎಲ್ಲಿದೆಯೆಂದು ಗೊತ್ತಿಲ್ಲದೆಯೂ ಎದ್ದು ಕೂರುತ್ತಿದ್ದೆ, ಅದು ಅವನಿಗೆ ತಿಳಿಯಲಿಲ್ಲ.

ನಿನ್ನೆ ಸತ್ತವರ ಹಬ್ಬ. ಪೂಜೆ ಮುಗಿದ ಮೇಲೆ ಚರ್ಚಿನ ಜ್ಞಾನಸ್ನಾನದ ತೊಟ್ಟಿಯ ಹತ್ತಿರ ಹೋಗಿ ನಿಂತೆ. ಎಷ್ಟು ಚಿಕ್ಕದು ಅದು. ಒಂದು ಮಗುವಿಗೆ ಒಂದು ಚಿಪ್ಪಿನಷ್ಟು ನೀರು ಹಾಕುತ್ತಾರೆ, ಅಮ್ಮಂದಿರು ಅದಕ್ಕೇ ತಲೆ ಒರೆಸುತ್ತಾರೆ. ನನ್ನ ಮಗಳಿಗೆ ಅವಳಪ್ಪ ಒಂದು ಕೆರೆಯನ್ನೇ ಗೊತ್ತುಮಾಡಿದ್ದ. ಅಲ್ಲೇ ನಿಂತು ಅತ್ತೆ. ಯಾರೋ ಹೆಂಗಸು ಬಂದು ನನ್ನ ತೋಳು ಹಿಡಿದು ಕೂರಿಸಿದಳು.

ಸಹಿ ಹಾಕಿದ ಕಾಗದ ಇದರೊಳಗೆ ಇದೆ. ಅವಳಿಗೆ ಸಾಕಷ್ಟು ನೀರು ಸಿಕ್ಕಿದೆ, ಡೆಲಿಯಾ. ಇಷ್ಟು ಚಳಿಗಾಲ ತಪ್ಪದೆ ಸಿಕ್ಕಿದೆ. ಇನ್ನು ಬದುಕಿರುವವರ ಗೋಡೆ ನಿಲ್ಲಬೇಕು. ಬಿರುಕು ದೊಡ್ಡದಲ್ಲ ಎಂದು ಬರೆದೆಯಲ್ಲ, ನೀನು ದೊಡ್ಡದಲ್ಲ ಎಂದರೆ ಕೈ ಹೋಗುವಷ್ಟಿರುತ್ತದೆ. ಆ ಹೂ ಹೋಗುತ್ತದೆ, ಮಿಸೆಸ್ ಪಾರ್ಗೆಟರ್ ಹೇಳಿದರು, ನೀರು ಬರುವುದು ನಿಂತರೆ ಹೂ ಬಿಡುವುದೂ ನಿಲ್ಲುತ್ತದಂತೆ. ಅದು ನನಗೆ ಕಷ್ಟವಾಗುತ್ತದೆ. ಕಷ್ಟವಾಗುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೂ ಹಾಕಿದ್ದೇನೆ. ಬಾರ್ಟ್ಲಿಗೆ ಕೊಡು.

ನೋನಿ


ಕಹರ್‌ಡೂನ್
ಡಿಸೆಂಬರ್ 1, 1974

ನೋನಿ,

ನಿನ್ನ ಕಾಗದ ಹತ್ತು ದಿನ ಏಪ್ರನ್ನಿನ ಜೇಬಿನಲ್ಲಿತ್ತು. ಬಾರ್ಟ್ಲಿ ಎರಡು ಸಲ ಬಂದ, ಎರಡು ಸಲವೂ ಟಪಾಲು ಬಂದಿಲ್ಲ ಅಂದೆ. ಕೊನೆಗೆ ಪಾಕಿಯನ್ನು ಕೂರಿಸಿ ಅಣ್ಣನ ಮಾತೂ ಸೇರಿ ಎಲ್ಲ ಹೇಳಿದೆ, ನಿನ್ನ ಕಾಗದವನ್ನೂ ಓದಿದೆ. ಅಷ್ಟೂ ಹೊತ್ತು ಆ ಮನುಷ್ಯ ಒಂದು ಜೋಕೂ ಮಾಡಲಿಲ್ಲ. ನನಗೇ ಭಯವಾಯಿತು.

ಆಮೇಲೆ ಕೈ ಚಾಚಿದ. ಓದಲಿಕ್ಕೆ ಅಂದುಕೊಂಡು ಸಹಿಯ ಕಾಗದ ಕೊಟ್ಟೆ. ನಿನ್ನ ಸಹಿಯನ್ನು ನೋಡಿ, ಮಡಚಿ, ಒಲೆಯ ಬಾಗಿಲು ತೆಗೆದು ಒಳಗೆ ಹಾಕಿಬಿಟ್ಟ. "ಏನ್ ಮಾಡ್ದ್ಯೋ" ಅಂತ ಕೂಗಿದೆ. "ನನ್ ಬೂಟು ಒದ್ದೆಯಾಗೋದು ಇದೇ ಮೊದಲಾ?" ಅಂದ. "ಅಡುಗೆಮನೆ ನೆಲಕ್ಕೆ ಇನ್ನೆರಡು ಸಾಲು ಕಲ್ಲು ಹಾಕಿ ಎತ್ತರ ಮಾಡ್ತೀನಿ. ಗೋಡೆಗೆ ಆಸರೆ ಕೊಡ್ತೀನಿ. ಅಷ್ಟಕ್ಕೂ ಬರುತ್ತೆ ಅಂದ್ರೆ ಬರ್ಲಿ, ನಮ್ಮನೆ ಮಗು ಹತ್ರ ಬಂದಿರೋ ನೀರು ಅಂದ್ಕೊಂಡು ಗುಡಿಸಿ ಹಾಕೋಣ." ಇಷ್ಟು ವರ್ಷ ಈ ಗಂಡಸಿನ ಜೊತೆ ಬಾಳಿ, ಇವನು ಯಾರೆಂದು ನನಗೆ ಗೊತ್ತಿರಲಿಲ್ಲ ನೋಡು.

ಬಾರ್ಟ್ಲಿಗೆ ಇಂಗ್ಲೆಂಡಿನವಳು ಒಪ್ಪಲಿಲ್ಲ ಅಂತ ಹೇಳಿದ್ದೇನೆ. ಊರಲ್ಲಿ ನಿನ್ನ ಹೆಸರು ಕೆಟ್ಟಿದೆ. ನಮ್ಮದಲ್ಲ ತಾನೇ, ನಿನ್ನದು, ಸಹಿಸಿಕೋ.

ಪಾಕಿ ಮಲಗುವ ಮುಂಚೆ ಇನ್ನೊಂದು ಕೇಳಿದ. "ಮಗುಗೆ ಹೆಸರೇನಿಟ್ಟಿದ್ರು?" ಸತ್ತು ಹುಟ್ಟಿದ್ದಕ್ಕೆ ಯಾರೂ ಹೆಸರಿಡಲಿಲ್ಲ ಅಂದೆ. "ಅದು ಹೇಗೆ?" ಅಂದ. "ನೀರು ಹಾಕುವಾಗ ಹೆಸರು ಹೇಳ್ಬೇಕಲ್ವಾ? ಇಷ್ಟು ವರ್ಷ ನೀರೊಂದೇ ಬಿದ್ದಿದೆ, ಹೆಸರು ಹೇಳೋರು ಯಾರೂ ಇರ್ಲಿಲ್ಲ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿನ್ನ ಮನಸ್ಸಿನಲ್ಲಿ ಒಂದು ಹೆಸರು ಇದ್ದೇ ಇರುತ್ತದೆ, ನೋನಿ. ಅದನ್ನು ನನಗೆ ಬರೆಯಬೇಡ. ಕೆರೆ ಬಂದಿದೆ, ಹಟ್ಟಿಯ ಗೋಡೆ ಮುಟ್ಟಿದೆ, ಕ್ರಿಸ್‌ಮಸ್ ಹೊತ್ತಿಗೆ ಪೂರ್ತಿ ತುಂಬುತ್ತದೆ. ಹಡಗು ಹತ್ತಿ ಬಂದು ದಡದಲ್ಲಿ ನಿಂತು ನೀನೇ ಹೇಳು. ನಾನೂ ಪಾಕಿಯೂ ನಿನ್ನ ಎರಡು ಪಕ್ಕದಲ್ಲಿ ನಿಲ್ಲುತ್ತೇವೆ. ಜ್ಞಾನಸ್ನಾನ ಅಂದಮೇಲೆ ಮಗುವಿಗೆ ಒಬ್ಬ ಜ್ಞಾನತಂದೆ, ಒಬ್ಬಳು ಜ್ಞಾನತಾಯಿ ಬೇಕಲ್ಲ.

ಡೆಲಿಯಾ